ಬೂದಿಯೊಳಗಿನ ಟಣ್ ಟಣ್

ಬಹಳ ಕಾಲದ ಹಿಂದೆ, ಕರಿಗಿರಿ ಎಂಬ ರಾಜ್ಯದಲ್ಲಿ ಒಂದು ಕುಡುಗೋಲೂ ಇರಲಿಲ್ಲ, ಒಂದು ಚಾಕುವೂ ಇರಲಿಲ್ಲ. ತುಕ್ಕಾಸುರನೆಂಬ ಮಾಂತ್ರಿಕ ಎಲ್ಲವನ್ನೂ ಸೆಳೆದುಕೊಂಡು, ಕರಗಿಸಿ, ಆನೆಮರಿಯಷ್ಟು ದೊಡ್ಡ ಉಕ್ಕಿನ ದಿಮ್ಮಿ ಮಾಡಿಟ್ಟಿದ್ದ. ಜನ ಬದನೆಕಾಯಿಯನ್ನು ಕೈಯಲ್ಲೇ ಹರಿದು ಪಲ್ಯ ಮಾಡುತ್ತಿದ್ದರು. ರಾಜನ ಗಡ್ಡ ಸಿಂಹಾಸನದ ಕೆಳಗಿಳಿದಿತ್ತು. ಪಾಪ, ಎದ್ದಾಗಲೆಲ್ಲ ಅದನ್ನೇ ತುಳಿದು ಬೀಳುತ್ತಿದ್ದ.

ಇದೇನು ಅನ್ಯಾಯ ಎಂದು ಕೇಳಲು ಹೋದವನು ಕಮ್ಮಾರ ಮೌನಪ್ಪ ಒಬ್ಬನೇ. ಮಾಂತ್ರಿಕ ಅವನನ್ನು ಕೈಯಲ್ಲಿದ್ದ ಚಿಕ್ಕ ಸುತ್ತಿಗೆಯ ಸಮೇತ ದಿಮ್ಮಿಯೊಳಗೇ ಸೇರಿಸಿಬಿಟ್ಟ.

ಮೌನಪ್ಪನ ಹೆಂಡತಿ ಕಾಳವ್ವ. ಕುಲುಮೆಯಲ್ಲಿ ದೊಡ್ಡ ಸುತ್ತಿಗೆ ಎತ್ತುತ್ತಿದ್ದವಳು ಅವಳೇ. ಗಂಡ ಹೆಚ್ಚು ಮಾತಿನವನಲ್ಲ. ಅವನ ಚಿಕ್ಕ ಸುತ್ತಿಗೆ ಕಾದ ಕಬ್ಬಿಣ ಮುಟ್ಟಿದರೆ ‘ಇಲ್ಲಿ ಹೊಡಿ’ ಎಂದರ್ಥ. ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿನ ಮೇಲೆಯೇ ಬರಿದೆ ಟಣ್ ಟಣ್ ಎಂದರೆ ‘ನಿಲ್ಲಿಸು’ ಎಂದರ್ಥ. ಆ ಸದ್ದಿಲ್ಲದ ಮನೆಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವಳಿಗೆ ಅವನು ಬೇಕಿತ್ತು, ಅಷ್ಟೇ.

ಅವಳು ಮಾಂತ್ರಿಕನ ಬಾಗಿಲಿಗೆ ಹೋದಳು. ದಿಮ್ಮಿಯನ್ನು ಚಾಕು ಮಾಡುವ ಪಟ್ಟಿಗಳಾಗಿ ಕೊಯ್ದರೆ ಗಂಡನನ್ನು ಬಿಡುತ್ತೇನೆ, ಮೂರು ಸಲ ತಪ್ಪಿದರೆ ಅವನು ಎಂದೆಂದಿಗೂ ಉಕ್ಕು ಎಂದು ಹೇಳಿ ಅವನು ಗರಗಸ ಕೊಟ್ಟ.

ಮೊದಲ ಸಲ ಅವಳು ಹಾಗೆಯೇ ಗರಗಸ ಇಟ್ಟಳು. ಉಕ್ಕಿಗೆ ಗೀರೂ ಬೀಳಲಿಲ್ಲ, ಗರಗಸದ ಹಲ್ಲೆಲ್ಲ ಉದುರಿದವು. ಮಾಂತ್ರಿಕ ನಗುತ್ತ ಇನ್ನೊಂದು ಕೊಟ್ಟ.

ಎರಡನೆಯ ಸಲ ಗಂಡನ ಕೆಲಸದ ರೀತಿ ನೆನಪಾಯಿತು. ಗಡಸು ಉಕ್ಕನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ತಾನಾಗಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಮಾಯೆಯಲ್ಲಿ ಸಿಕ್ಕವನಿಗೆ ಬೆಂಕಿ ತಾಗದು. ಅವಳು ಹಾಗೆಯೇ ಮಾಡಿದಳು. ಸಂಜೆ ಬೂದಿಯೊಳಗಿಂದ ಟಣ್ ಟಣ್ ಕೇಳಿತು. ನನ್ನನ್ನೇ ಕರೆಯುತ್ತಿದ್ದಾನೆ ಎಂದು ಅವಳು ಮರದ ಹಲಗೆಯಿಂದ ಬೂದಿ ತೋಡಿದಳು. ಗಾಳಿ ಸೋಕಿದ್ದೇ ತಡ, ಉಕ್ಕು ಮೊದಲಿಗಿಂತ ಗಡಸಾಯಿತು.

ಆಮೇಲೆ ಅವಳಿಗೆ ಹೊಳೆಯಿತು. ಅದು ಕರೆಯಲ್ಲ, ‘ನಿಲ್ಲಿಸು, ಈಗಲೇ ಮುಟ್ಟಬೇಡ’ ಎಂಬ ಸನ್ನೆ. ದಿನವೂ ಕೇಳಿದ ಸದ್ದನ್ನು ಅವಳ ಆಸೆ ಬೇರೆಯಾಗಿ ಕೇಳಿಸಿತ್ತು. ಕಾಳವ್ವ ಅಲ್ಲೇ ಕುಸಿದು ಅತ್ತಳು.

ಮೂರನೆಯ ಸಲವೂ ಕಾಯಿಸಿ ಹೂತಳು. ಮಾಂತ್ರಿಕ ಹೊಗೆಯಿಂದ ಒಂದು ನರಿ ಮಾಡಿ ಕಳಿಸಿದ. ನರಿ ಬೂದಿಯ ಸುತ್ತ ಸುಳಿದು ಮೌನಪ್ಪನ ದನಿಯಲ್ಲೇ ಬೇಡಿತು: “ಕಾಳೀ, ಒಳಗ ಉಸಿರು ಕಟ್ಟೇತಿ. ಬೂದಿ ತೆಗಿ.”

ಆ ದನಿಗಾಗಿ ಎಷ್ಟು ಹಂಬಲಿಸಿದ್ದಳು! ಅವಳ ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಒಳಗಿಂದ, ಬಹಳ ಸಣ್ಣಗೆ, ಟಣ್ ಟಣ್ ಕೇಳಿತು.

ಕಾಳವ್ವ ಕೈ ಹಿಂದೆಗೆದುಕೊಂಡಳು. “ಕೇಳಿಸ್ತ್ರಿ,” ಎಂದಳು ಬೂದಿಯ ಕಡೆ ತಿರುಗಿ. “ಅದು ತಾನಾಗಿ ಆರೂ ತನಕ ನಾ ಇಲ್ಲೇ ಕುಂದರ್ತೀನಿ.”

ನರಿ ಅತ್ತಿತು, ಬೈದಿತು, ಕೊನೆಗೆ ಗಂಟಲು ಕಟ್ಟಿ ಸುಮ್ಮನಾಯಿತು. ಅವಳು ಕುಳಿತೇ ಇದ್ದಳು.

ಉಕ್ಕು ಆರಿದ ಮೇಲೆ ಗರಗಸ ಸರಾಗವಾಗಿ ಇಳಿಯಿತು. ಪಟ್ಟಿಯ ಮೇಲೆ ಪಟ್ಟಿ ಬಿತ್ತು. ನಡುಭಾಗಕ್ಕೆ ಬಂದಾಗ ಮತ್ತೆ ಟಣ್ ಟಣ್ ಕೇಳಿತು. ಅವಳು ಗರಗಸ ನಿಲ್ಲಿಸಿದಳು. ಉಳಿದ ಉಕ್ಕು ತಾನಾಗಿ ಪಟ್ಟಿಪಟ್ಟಿಯಾಗಿ ಬಿಚ್ಚಿಕೊಂಡಿತು, ಚಿಕ್ಕ ಸುತ್ತಿಗೆ ಹಿಡಿದ ಮೌನಪ್ಪ ಹೊರಬಂದ. ಮಾಯೆ ಒಡೆದು ತುಕ್ಕಾಸುರ ನಿಂತಲ್ಲೇ ತುಕ್ಕಿನ ಪುಡಿಯಾಗಿ ಉದುರಿದ, ನರಿ ಗಾಳಿಯಲ್ಲಿ ಕರಗಿತು.

ಮನೆಮನೆಗೂ ಒಂದು ಪಟ್ಟಿ ಹೋಯಿತು, ಪಟ್ಟಿಗೊಂದು ಚಾಕು ಬಂತು. ಮೊದಲ ಚಾಕು ರಾಜನ ಗಡ್ಡಕ್ಕೇ ಬೇಕಾಯಿತು.

ಕುಲುಮೆ ಮತ್ತೆ ಹೊತ್ತಿದ ದಿನ, ಸಂಜೆ, ಮೌನಪ್ಪ ಅಡಿಗಲ್ಲಿನ ಮೇಲೆ ಟಣ್ ಟಣ್ ಎಂದ. ಕಾಳವ್ವ ದೊಡ್ಡ ಸುತ್ತಿಗೆ ಕೆಳಗಿಟ್ಟಳು.

“ಇನ್ನೊಮ್ಮಿ ಹೊಡೀರಿ,” ಎಂದಳು.

ಅವನು ಮತ್ತೆ ಹೊಡೆದ. ಕರಿಗಿರಿಯ ಜನರೆಲ್ಲ ಹೆಚ್ಚಿದ ಬದನೆಕಾಯಿಯ ಪಲ್ಯ ಉಂಡು ಸುಖವಾಗಿದ್ದರು. ಅವರಿಬ್ಬರಿಗೆ ಮಾತ್ರ ಅಂದು ಊಟದ ನೆನಪೇ ಆಗಲಿಲ್ಲ.