ಬಲಗಣ್ಣಿನ ಕಂದು ಮಚ್ಚೆ

"ಇದು ನಮ್ಮ ದೊರೆಸಾನಿ ಅಲ್ಲ," ಎಂದು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ನಾಯಿಮುಖ ಹೊಲಿದ ದಿಂಬನ್ನು ಕೌಂಟರಿನ ಮೇಲೆ ಇಟ್ಟುಬಿಟ್ಟರು.

ಕಸೂತಿಯವಳು ನಗು ಅಡಗಿಸಿಕೊಂಡಳು. ಈ ಮಾತಿಗೇ ಅವಳು ಬೆಳಗ್ಗೆಯಿಂದ ಕಾದಿದ್ದು.

ಅವಳ ಅಂಗಡಿಯಲ್ಲಿ ಸಿಗುವುದೆಲ್ಲ ಸ್ಪೇನಿಯಲ್ ನಾಯಿಗಳಿಗೆ ಮತ್ತು ಅವುಗಳ ಮನೆಯವರಿಗೆ. ಹೆಸರು ಹೊಲಿದ ಟವೆಲ್ಲು, ಮುಖ ಅಚ್ಚಾದ ಮಗ್ಗು, ನಾಯಿಗೂ ಯಜಮಾನರಿಗೂ ಒಂದೇ ಬಣ್ಣದ ಸ್ಕಾರ್ಫು. ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸಲೆಂದೇ ಬೆಳೆಸಿದ ಬೇಟೆನಾಯಿಯ ತಳಿ ಅದು. ಮೇಷ್ಟ್ರ ಜೊತೆ ಬರುವ ದೊರೆಸಾನಿ ಮಾತ್ರ ಈ ಅಂಗಡಿಯ ನೂಲಿನ ಉಂಡೆಗಳನ್ನೇ ಬೇಟೆಯಾಡುತ್ತಿದ್ದಳು.

ಬೇರೆಯವರ ಆರ್ಡರಿನಲ್ಲಿ ಒಂದು ಎಳೆ ತಪ್ಪದ ಕೈ, ಮೇಷ್ಟ್ರದ್ದು ಬಂದರೆ ತಪ್ಪುತ್ತಿತ್ತು. ರೇನ್‌ಕೋಟಿನ ಪಟ್ಟಿ ದೊರೆಸಾನಿಯ ಹೊಟ್ಟೆ ಸುತ್ತುತ್ತಿರಲಿಲ್ಲ. ಟವೆಲ್ಲಿನ ಅಂಚು ಬಿಚ್ಚಿಕೊಳ್ಳುತ್ತಿತ್ತು. ಸರಿಮಾಡಿಸಲು ಅವರು ಮತ್ತೆ ಬರಬೇಕು, ಸ್ಟೂಲ್ ಎಳೆದುಕೊಂಡು ಕೂರಬೇಕು, "ನಿಮಗೆ ಯಾರು ಮೇಡಂ ಲೈಸೆನ್ಸ್ ಕೊಟ್ಟಿದ್ದು?" ಎಂದು ಓರೆಗಣ್ಣಲ್ಲಿ ನೋಡಬೇಕು. ಆ ಒಂದು ನೋಟಕ್ಕೆ ಅವಳು ಎಷ್ಟು ಹೊಲಿಗೆ ಬೇಕಾದರೂ ಬಿಚ್ಚಿಯಾಳು.

"ಅಯ್ಯೋ, ಮಚ್ಚೆ ಎಡಗಣ್ಣಿಗೆ ಬಂದುಬಿಟ್ಟಿದೆಯಲ್ಲಾ! ಬಿಟ್ಟು ಹೋಗಿ ಮೇಷ್ಟ್ರೇ, ನಾಳಿದ್ದು ಬನ್ನಿ."

"ನಾಳಿದ್ದು ಆಗಲ್ಲ. ಇನ್ನೇನು ಅಕ್ಕ ಬಂದು ನಾಯಿನ ಕರ್ಕೊಂಡು ಹೋಗ್ತಾಳೆ."

"ಎಲ್ಲಿಗೆ?"

"ಅವರ ಮನೆಗೇ. ಇವಳು ಭಾವನ ನಾಯಿ. ಅವರು ಆಸ್ಪತ್ರೆಯಲ್ಲಿದ್ರು ಅಂತ ನನ್ನ ಹತ್ರ ಇದ್ಲು." ಮೇಷ್ಟ್ರು ಬೀದಿಯ ಕಡೆ ತಿರುಗಿದರು. "ಜೀವ ಉಳೀತು, ಕಣ್ಣು ಉಳೀಲಿಲ್ಲ. ಈಗ ಎಲ್ಲಾನೂ ಬೆರಳಲ್ಲೇ ನೋಡ್ತಾರೆ. ಇವಳು ಕೈಗೆಲ್ಲಿ ಸಿಗ್ತಾಳೆ? ಈ ದಿಂಬಾದ್ರೆ ಮಡಿಲಲ್ಲಿ ಇರುತ್ತಲ್ಲ ಅಂತ ಮಚ್ಚೆ ಉಬ್ಬಿಸಿ ಹೊಲೀರಿ ಅಂದಿದ್ದೆ."

ಕಸೂತಿಯವಳು ದಿಂಬನ್ನು ಹತ್ತಿರ ಎಳೆದುಕೊಂಡಳು. ನೀವು ಕೊಟ್ಟ ಫೋಟೋನೇ ಉಲ್ಟಾ ಇತ್ತು ಎಂದುಬಿಡಬಹುದಿತ್ತು. ಮಾತು ನಾಲಿಗೆ ತುದಿಗೂ ಬಂತು.

"ನಾನು ಬೇಕು ಅಂತಲೇ ಮಾಡಿದ್ದು," ಎಂದಳು.

"ಏನು?"

"ಸರಿಮಾಡಿಸೋಕೆ ನೀವು ಮತ್ತೆ ಬರಲಿ ಅಂತ."

"ರೇನ್‌ಕೋಟು?"

"ಅದೂ."

ಮೇಷ್ಟ್ರು ಅವಳನ್ನೇ ನೋಡಿದರು. ಈ ಸಲ ಓರೆನೋಟವಲ್ಲ, ನೇರ ನೋಟ. ಅವಳಿಗೆ ಅದನ್ನು ತಡೆಯಲಾಗಲಿಲ್ಲ. "ನಿಮ್ಮ ಆಟಕ್ಕೆ ನಮ್ಮ ಭಾವನೇ ಸಿಕ್ಕಿದ್ರಾ?"

ಅವಳು ಕತ್ತರಿ ತೆಗೆದುಕೊಂಡಳು. "ಬೈಯೋದು ಆಮೇಲೆ. ದೊರೆಸಾನಿ ಮುಖ ಹಿಡ್ಕೊಳ್ಳಿ."

ಮೇಷ್ಟ್ರು ಕೂತು ದೊರೆಸಾನಿಯ ಗದ್ದ ಹಿಡಿದರು. ಕಸೂತಿಯವಳು ದಿಂಬಿನ ಎಡಗಣ್ಣಿನ ಎಳೆಗಳನ್ನು ಬಿಚ್ಚಿದಳು. ಬಲಗಣ್ಣಿನ ಮೇಲೆ ಕಂದು ನೂಲನ್ನು ಒತ್ತೊತ್ತಾಗಿ ಏರಿಸುತ್ತಾ ಹೋದಳು. ಸೂಜಿ ಬೆರಳಿಗೆ ಚುಚ್ಚಿದರೂ ಕೈ ನಿಲ್ಲಿಸಲಿಲ್ಲ. ಅವರೂ ತಲೆ ಎತ್ತಲಿಲ್ಲ.

ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದಳು. ಕಿವಿಯ ಸುರುಳಿ, ಹುಬ್ಬು, ಮಚ್ಚೆ.

"ಕೊಡಿ, ನಾನೂ ನೋಡ್ತೀನಿ," ಎಂದು ಮೇಷ್ಟ್ರೂ ಕಣ್ಣು ಮುಚ್ಚಿದರು. ಮಚ್ಚೆಯ ಮೇಲೆ ಅವರ ಬೆರಳಿಗೆ ಅವಳ ಬೆರಳು ತಾಕಿತು. ಇಬ್ಬರೂ ಕೈ ತೆಗೆಯಲಿಲ್ಲ.

"ಏನೋ ಇದು, ಇಬ್ರೂ ಕೂತಲ್ಲೇ ನಿದ್ದೆ ಹೊಡೀತಿದ್ದೀರಾ?"

ಬಾಗಿಲಲ್ಲಿ ಅಕ್ಕ. ದಿಂಬು ನೋಡುತ್ತಲೇ ಅವಳ ದನಿ ಇಳಿಯಿತು. ಬಲಗಣ್ಣಿನ ಮೇಲೆ ಹೆಬ್ಬೆರಳಾಡಿಸಿ, "ಅವರಿಗೆ ಗುರುತು ಸಿಗುತ್ತೆ ಕಣೋ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮೇಷ್ಟ್ರು ದೊರೆಸಾನಿಯನ್ನು ಎತ್ತಿ ಅಕ್ಕನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದರು. ಹಾಗೇ ಹೋಗಿಬಿಡುತ್ತಾರೆ ಎಂದು ಕಸೂತಿಯವಳು ಲೈಟ್ ಆರಿಸಲು ಎದ್ದಳು.

ಅವರು ಬಾಗಿಲ ತನಕ ಬಂದರು.

"ಇನ್ನು ನಾಯಿ ಇಲ್ಲ. ನನಗಿಲ್ಲಿ ಕೆಲಸ ಏನೂ ಇಲ್ಲ."

"ಗೊತ್ತು."

"ಸಿಟ್ಟು ಇದೆ. ನಾಳೆಗೂ ಇರುತ್ತೆ."

"ಇರಲಿ," ಎಂದಳು. "ಬಂದು ಬೈದು ಹೋಗಿ."

"ಒಂದೇ ದಿನಕ್ಕೆ ಮುಗಿಯೋ ಸಿಟ್ಟಲ್ಲ ಮೇಡಂ." ಮೇಷ್ಟ್ರು ಹೊಸ್ತಿಲು ನೋಡುತ್ತಾ ನಿಂತರು. "ದಿನಾ ಬರಬೇಕಾಗುತ್ತೆ."