ಗಂಡು ಹೂವಿನ ಮೇಲೊಂದು ಅರ್ಜಿ

ಹೆಡ್‌ಮಾಸ್ತರರು ಕೊಟ್ಟ ಕಾಗದ ನೋಡಿದ ಕೂಡಲೇ ಅನಸೂಯಳ ಕೈಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು.

'ವಿಜ್ಞಾನದ ಟೀಚರಮ್ಮ ಹೆಣ್ಣುಮಕ್ಕಳ ಮುಂದೆ ಗಂಡು ಹೂವು, ಹೆಣ್ಣು ಹೂವು ಎಂದು ಹೇಳಬಾರದ್ದನ್ನು ಹೇಳುತ್ತಾರೆ. ಬೇರೆ ಊರಿಗೆ ವರ್ಗ ಮಾಡಬೇಕು.'

ಕೆಳಗೆ ಊರಿನ ದೊಡ್ಡ ಕುಳ ಆವಲಪ್ಪನವರ ಹೆಬ್ಬೆಟ್ಟು.

ಹೆಬ್ಬೆಟ್ಟು ಯಾರದಾದರೇನು... ಅಕ್ಷರ ಚನ್ನಕೇಶವನದು!

೧೯೬೨ರಲ್ಲಿ ಮಂಚೇನಹಳ್ಳಿಯವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವನು ಈ ಲೆಕ್ಕದ ಮೇಷ್ಟ್ರೇ. ಶಾಲೆಯ ಕುಂಬಳಬಳ್ಳಿಗೆ ದಿನವೂ ನೀರು ಹೊತ್ತವನೂ ಅವನೇ. ಮೊನ್ನೆ ಬೆಳಗ್ಗೆ ಅವಳು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರುವಾಗ ಬಳ್ಳಿ ಹಿಡಿದು ನಿಂತು, "ಜೇನುಹುಳದ ಕೆಲ್ಸಾನ ನಾವು ಮಾಡ್ತಿದೀವಲ್ರೀ!" ಎಂದು ನಕ್ಕಿದ್ದ. ಆ ನಗುವನ್ನು ನಂಬಿ ಚಿಂತಾಮಣಿಯಲ್ಲಿದ್ದ ಅಪ್ಪನಿಗೆ ಮದುವೆಯ ಮಾತೆತ್ತಿ ಕಾಗದ ಬರೆಯಬೇಕೆಂದಿದ್ದಳು ಪಾಪದ ಹುಡುಗಿ.

ಅವನ ಮುಂದೆ ಆ ಅರ್ಜಿ ಹಿಡಿದಳು. "ನೀವೇ ಬರೆದ್ರಾ?"

ಅವನು ತಲೆ ಎತ್ತಲಿಲ್ಲ. "ಆವಲಪ್ಪ ದೊಡ್ಡಪ್ಪ ನನ್ನ ಸಾಕಿದೋರು. ಬರಿ ಅಂದ್ರು... ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ನಂಗೊಂದು ಮಾತು ಹೇಳೋಕೂ ಬಾಯಿ ಬರ್ಲಿಲ್ವಾ?"

ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ ಅಲ್ಲವೇ! ಬೈದಿದ್ದರೂ ತಡೆಯುತ್ತಿದ್ದೆ, ಇಷ್ಟು ದುಂಡಗೆ ಬರೆದಿದ್ದಾನಲ್ಲ... ಎಂದುಕೊಳ್ಳುತ್ತ ಅವಳು ತಿರುಗಿ ನಡೆದಳು.

ಸೋಮವಾರ ಶಾಲಾ ಇನ್‌ಸ್ಪೆಕ್ಟರು ಅರ್ಜಿಯ ವಿಚಾರಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬಾಗಿಲಲ್ಲಿ ಆವಲಪ್ಪ. ಅನಸೂಯ ಅದೇ ಹೂವಿನ ಪಾಠ ಶುರುಮಾಡಿದಳು. ಅಷ್ಟರಲ್ಲಿ ಚನ್ನಕೇಶವ ಒಳಗೆ ಬಂದ.

"ಸಾರ್, ಅರ್ಜಿ ಬರೆದ ಕೈ ನಂದು. ಪಾಠದಲ್ಲಿ ತಪ್ಪಿಲ್ಲ ಅಂತ ಗೊತ್ತಿದ್ದೂ ಬರೆದೆ. ಶಿಕ್ಷೆ ನಂಗೆ ಕೊಡಿ."

"ಏನೋ ಕೇಶವ!" ಆವಲಪ್ಪ ಗುಡುಗಿದರು.

"ಒಂದ್ಸಲ ಪಾಠ ಕೇಳಿ ದೊಡ್ಡಪ್ಪ."

ಪಾಠ ಮುಗಿಯುವಷ್ಟರಲ್ಲಿ ಮುದುಕರ ಮುಖ ಸಪ್ಪಗಾಗಿತ್ತು. "ಅಂಗಾದ್ರೆ ಗಂಡು ಹೂವು ಇಲ್ದಿದ್ರೆ ಕಾಯಿ ಕಚ್ಚಲ್ವಾ? ನಮ್ಮನೇಲಿ ಗೊಡ್ಡು ಹೂವು ಅಂತ ದಿನಾ ಕಿತ್ತು ಬಜ್ಜಿ ಹಾಕ್ತಾರೆ ಕಣಮ್ಮ!"

ತರಗತಿ ಗೊಳ್ಳೆಂದಿತು. ಇನ್‌ಸ್ಪೆಕ್ಟರು ನಗು ತಡೆದು ಅರ್ಜಿಯನ್ನು ಅವರ ಕೈಗೇ ವಾಪಸು ಕೊಟ್ಟರು.

ಅನಸೂಯಳ ಕೆಲಸ ಉಳಿಯಿತು. ಮನಸ್ಸು? ಒಡೆದದ್ದು ಒಡೆದೇ ಇತ್ತು. ಎರಡು ವಾರ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ಬೆಳಗ್ಗೆ ಬಳ್ಳಿಯ ಹತ್ತಿರ ಅವನೇ ಕಾಗದ ಚಾಚಿದ.

"ಇನ್ನೊಂದು ಅರ್ಜಿ. ನಿಮ್ಮ ತಂದೆಯವರಿಗೆ. ಈ ಸಲ ಮೊದ್ಲು ನೀವು ಓದಿ."

ಅದೇ ದುಂಡು ಅಕ್ಷರ. ನಿಮ್ಮ ಮಗಳನ್ನು ಕೊಟ್ಟು ಮದುವೆ ಮಾಡಿ ಎಂದಿತ್ತು. ಅವಳ ಕಣ್ಣು ತುಂಬಿದರೂ ಮಾತು ಮೆತ್ತಗಾಗಲಿಲ್ಲ.

"ದೊಡ್ಡಪ್ಪ ಇದನ್ನ ಹರಿ ಅಂದ್ರೆ ಹರೀತೀರಾ?"

"ಕೆಳಗೆ ನೋಡಿ."

ಕೆಳಗೆ ಆವಲಪ್ಪನವರ ಹೆಬ್ಬೆಟ್ಟು!

"ಹೇಗೆ ಒಪ್ಸಿದ್ರಿ?"

"ಒಪ್ಸಲಿಲ್ಲ. 'ನೀವು ಒಪ್ಪದಿದ್ರೂ ಕಳಿಸ್ತೀನಿ' ಅಂತ ದೊಡ್ಡಪ್ಪಂಗೆ ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ರು. ಇವತ್ತು ಅವರೇ ಬೆರಳು ಚಾಚಿದ್ರು."

ಅವಳು ಕಾಗದವನ್ನು ಮತ್ತೊಮ್ಮೆ ಓದಿದಳು.

"ಇದ್ರಲ್ಲೊಂದು ತಪ್ಪಿದೆ ಮೇಷ್ಟ್ರೇ."

"ಎಲ್ಲಿ?"

"ಹುಡುಗಿ ಒಪ್ಪಿದಾಳೆ ಅಂತ ಎಲ್ಲೂ ಬರೆದಿಲ್ಲ."

"ಬ... ಬರೀಲಾ?"

"ಬೇಡ. ಅದನ್ನ ನಾನೇ ಬರೀತೀನಿ... ಪೆನ್ನು ಕೊಡಿ."