ದೊಡ್ಡ ಜಡ್ಜ್‌ಗೆ ಚೂಟಿಯ ಚೀಟಿ

"ಇದನ್ನೂ ಅಪೀಲಿಗೆ ಸೇರಿಸಿ, ಲಾಯರ್ ಆಂಟಿ," ಅಂತ ಚೂಟಿ ಮಡಚಿದ ಚೀಟಿಯನ್ನು ಮೇಜಿನ ಮೇಲಿಟ್ಟಳು.

ಪಕ್ಕದಲ್ಲಿ ಅಮ್ಮ ಬೆರಳು ಹಿಸುಕಿಕೊಳ್ಳುತ್ತಾ ಕೂತಿದ್ದಳು. ಅಪೀಲು ಹಾಕೋಕೆ ಇನ್ನು ಎರಡೇ ದಿನ ಬಾಕಿ.

ಲಾಯರ್ ಆಂಟಿ ಓದಿದರು. "ದೊಡ್ಡ ಜಡ್ಜ್ ಅವರಿಗೆ. ಸುಳ್ಳು ಹೇಳಿದ್ದು ನಾನು, ಅಮ್ಮ ಅಲ್ಲ. ಶಿಕ್ಷೆ ನನಗೆ ಕೊಡಿ. ಅಮ್ಮನ ಜೊತೆ ಇರೋಕೆ ಬಿಡಿ."

ಯಾವ ಸುಳ್ಳು ಅಂತೀರಾ? ಅಮ್ಮನಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ಕೆಲಸ. ಮನೆಗೆ ಬರೋದು ಸಂಜೆ ಏಳಕ್ಕೆ. "ಗುರುತಿಲ್ಲದವರು ಬಂದ್ರೆ ಬಾಗಿಲು ತೆಗೀಬೇಡ. ಅಮ್ಮ ಮಲಗಿದ್ದಾಳೆ ಅನ್ನು," ಅಂತ ಹೇಳಿಕೊಟ್ಟಿದ್ದಳು. ಒಂದು ದಿನ ಬಂದಿದ್ದು ಮಕ್ಕಳ ಇಲಾಖೆಯ ಮೇಡಂ. ಚೂಟಿ ಗಿಳಿಪಾಠ ಒಪ್ಪಿಸಿಬಿಟ್ಟಳು. ಅಮ್ಮ ಮನೇಲೇ ಇಲ್ಲ, ಕೆಲಸದಲ್ಲಿದ್ದಾಳೆ ಅಂತ ಮೇಡಂಗೆ ಆಮೇಲೆ ಗೊತ್ತಾಯ್ತು. ಮಗುವನ್ನು ಒಂಟಿಯಾಗಿ ಬಿಡ್ತಾಳೆ, ಸುಳ್ಳು ಬೇರೆ ಕಲಿಸಿದ್ದಾಳೆ ಅಂತ ಕೋರ್ಟ್ ಆರ್ಡರ್ ಆಯ್ತು.

ಆಗಿನಿಂದ ಚೂಟಿ ಇರೋದು ಅಮ್ಮನ ಅಕ್ಕ, ದೊಡ್ಡಮ್ಮನ ಮನೆಯಲ್ಲಿ. ಅಮ್ಮ ಸಿಗೋದು ಇವತ್ತಿನ ಹಾಗೆ ಭಾನುವಾರ ಮಾತ್ರ. ಎಲ್ಲ ನನ್ನ ಬಾಯಿಂದಲೇ ಆಗಿದ್ದು ಅಂತ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

"ಚೀಟಿ ಸೇರಿಸೋಕಾಗಲ್ಲ ಪುಟ್ಟಾ," ಅಂದರು ಲಾಯರ್ ಆಂಟಿ. "ಸ್ಕೂಲಲ್ಲಿ ಪೇಪರ್ ರೀಚೆಕ್ಕಿಗೆ ಕೊಟ್ರೆ ಹೊಸ ಉತ್ತರ ಬರೀಬಹುದಾ?"

"ಇಲ್ಲ. ಬರೆದಿರೋದನ್ನೇ ಮತ್ತೆ ನೋಡ್ತಾರೆ."

"ಅಪೀಲೂ ಹೆಚ್ಚುಕಮ್ಮಿ ಹಾಗೇ. ಇಲ್ಲಿ ನೋಡು." ಫೈಲಿನಲ್ಲಿ ಪಕ್ಕದ್ಮನೆ ಟೈಲರ್ ಅಜ್ಜಿ ಕೋರ್ಟಲ್ಲಿ ಹೇಳಿದ ಮಾತಿತ್ತು. "ಸ್ಕೂಲ್ ಬಿಟ್ಟ ಮೇಲೆ ಹುಡುಗಿ ದಿನಾ ನನ್ನ ಹತ್ರಾನೇ ಇರೋದು. ತಿಂಡಿ, ಹೋಂವರ್ಕ್ ಎಲ್ಲ ನನ್ನ ಮೆಷಿನ್ ಪಕ್ಕ. ಅವತ್ತು ಪುಸ್ತಕ ತರೋಕೆ ಮನೆಗೆ ಹೋಗಿದ್ಲು, ಅಷ್ಟೇ."

"ಆರ್ಡರಲ್ಲಿ ಈ ಮಾತಿನ ಬಗ್ಗೆ ಒಂದಕ್ಷರ ಇಲ್ಲ," ಅಂದರು ಲಾಯರ್ ಆಂಟಿ.

"ಟೋಟಲ್ ಮಾಡುವಾಗ ಬಿಟ್ಟುಬಿಟ್ರಾ?"

"ಅಪೀಲಲ್ಲಿ ನಾನು ಕೇಳ್ತಿರೋದೂ ಅದನ್ನೇ."

"ಗೆಲ್ತೀವಾ?"

"ಅದನ್ನ ಈಗಲೇ ಹೇಳೋಕಾಗಲ್ಲ ಕಣೇ."

ಅಮ್ಮ ಚೀಟಿ ಓದಿ ಕಣ್ಣೊರೆಸಿಕೊಂಡಳು. "ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ? ನಾನು ಹೇಳಿಕೊಟ್ಟಿದ್ದನ್ನೇ ತಾನೇ ನೀನು ಹೇಳಿದ್ದು?"

ಚೂಟಿ ಹೂಂ ಅಂದಳು. ಆದರೂ ಸಮಾಧಾನ ಆಗಲಿಲ್ಲ. ಅಮ್ಮಂದಿರು ಹಾಗೇ ಅಲ್ಲವಾ, ಮಕ್ಕಳ ತಪ್ಪನ್ನೆಲ್ಲ ತಮ್ಮ ತಲೆ ಮೇಲೆ ಹಾಕ್ಕೋತಾರೆ.

ಐದು ಗಂಟೆಗೆ ಅಮ್ಮ ಅವಳನ್ನು ದೊಡ್ಡಮ್ಮನ ಮನೆಗೆ ಬಿಟ್ಟು ಹೋದಳು. ದೊಡ್ಡಮ್ಮ ಸ್ನಾನಕ್ಕೆ ಹೋದಾಗ ಯಾರೋ ಬಾಗಿಲು ತಟ್ಟಿದರು.

"ದೊಡ್ಡೋರು ಯಾರಾದ್ರೂ ಇದ್ದಾರಾ ಮನೇಲಿ?" ಗುರುತಿಲ್ಲದ ದನಿ.

ಚೂಟಿ ಬಾಗಿಲ ಹತ್ತಿರ ಹೋದಳು. ಈಗ ಏನು ಹೇಳೋದು?

ಬಚ್ಚಲುಮನೆಯ ಬಾಗಿಲು ಚೂರು ತೆರೆಯಿತು. "ಚಿಲಕ ತೆಗೀಬೇಡ," ಅಂತ ದೊಡ್ಡಮ್ಮ ಪಿಸುಗುಟ್ಟಿದಳು. "ದೊಡ್ಡಮ್ಮ ಮಲಗಿದ್ದಾಳೆ ಅನ್ನು."

ಚೂಟಿ ಆ ಬಾಗಿಲನ್ನೇ ನೋಡುತ್ತಾ ನಿಂತಳು. ಕೋರ್ಟೇ ನಂಬಿದ ದೊಡ್ಡಮ್ಮ ಇವಳು. ಆಮೇಲೆ ತಿರುಗಿ, "ದೊಡ್ಡಮ್ಮ ಮಲಗಿದ್ದಾಳೆ, ಆಮೇಲೆ ಬನ್ನಿ," ಅಂದಳು ಗಟ್ಟಿಯಾಗಿ.

ಅವತ್ತು ಊಟಕ್ಕೆ ಕೂತವಳು ತಟ್ಟೆ ಖಾಲಿ ಮಾಡಿ, ಇನ್ನೂ ಸ್ವಲ್ಪ ಹಾಕು ಅಂತ ದೊಡ್ಡಮ್ಮನ ಕಡೆಗೆ ಚಾಚಿದಳು.